ಎದೆಯಲ್ಲಿ ಸ್ಟೆಂಟ್, ದವಡೆಯಲ್ಲಿ ನೋವು

ಪ್ರಶ್ನೆ: ನಮ್ಮ ತಂದೆಗೆ 67 ವರ್ಷ. ಅಮ್ಮನ ಜೊತೆ ರಾಜಾಜಿನಗರದಲ್ಲಿದ್ದಾರೆ, ನಾನು ಕೆಲಸದ ಸಲುವಾಗಿ ವೈಟ್‌ಫೀಲ್ಡ್‌ನಲ್ಲಿದ್ದೇನೆ. ಅವರಿಗೆ ಹನ್ನೆರಡು ವರ್ಷದಿಂದ ಬಿ.ಪಿ. ಇದೆ. ಅದಕ್ಕೆ ಆಮ್ಲೋಡಿಪಿನ್, ಟೆಲ್ಮಿಸಾರ್ಟನ್ ತೆಗೆದುಕೊಳ್ಳುತ್ತಾರೆ. ಎಂಟು ತಿಂಗಳ ಹಿಂದೆ ಹೃದಯಾಘಾತವಾಗಿ ಸ್ಟೆಂಟ್ ಹಾಕಿದರು. ಅಂದಿನಿಂದ ಆಸ್ಪಿರಿನ್ 75, ಕ್ಲೋಪಿಡೋಗ್ರೆಲ್ 75 ಕೂಡ ಸೇರಿಕೊಂಡಿವೆ. ಈಗ ಹದಿನೈದು ದಿನದಿಂದ ಬಲಗಡೆಯ ಕೆಳದವಡೆ ಹಲ್ಲಿನಲ್ಲಿ ವಿಪರೀತ ನೋವು. ತಣ್ಣೀರು ಸೋಕಿದರೆ ಜೀವ ಹೋದಂತಾಗುತ್ತದೆ, ರಾತ್ರಿ ಮಲಗಿದರೆ ಇನ್ನೂ ಜಾಸ್ತಿ. ಹತ್ತಿರದ ದಂತವೈದ್ಯರು ಬಿ.ಪಿ. ನೋಡಿ 170/100 ಇದೆ, ಹಾರ್ಟ್ ಡಾಕ್ಟರಿಂದ ಫಿಟ್‌ನೆಸ್ ಬರೆಸಿಕೊಂಡು ಬನ್ನಿ ಎಂದು ವಾಪಸ್ ಕಳುಹಿಸಿದರು. ನಮ್ಮ ಚಿಕ್ಕಪ್ಪ, ರಕ್ತ ತೆಳು ಮಾಡುವ ಮಾತ್ರೆ ಐದು ದಿನ ನಿಲ್ಲಿಸಿಯೇ ಹಲ್ಲು ಕೀಳಿಸಬೇಕು, ಇಲ್ಲದಿದ್ದರೆ ರಕ್ತ ನಿಲ್ಲುವುದೇ ಇಲ್ಲ ಎನ್ನುತ್ತಾರೆ. ಅವರ ಸ್ನೇಹಿತರೊಬ್ಬರು ಹಲ್ಲು ಕೀಳಿಸಿಕೊಂಡು ಎರಡೇ ದಿನಕ್ಕೆ ಹಾರ್ಟ್ ಅಟ್ಯಾಕ್ ಆಗಿ ತೀರಿಕೊಂಡರಂತೆ. ಅಪ್ಪ ಹೆದರಿ ಮೂರು ದಿನದಿಂದ ಆ ಎರಡೂ ಮಾತ್ರೆ ಬಿಟ್ಟಿದ್ದಾರೆ. ನೋವಿಗೆ ಮೆಡಿಕಲ್ ಶಾಪಿನಲ್ಲಿ ಕೊಟ್ಟ ಡೈಕ್ಲೋಫೆನಾಕ್ ನುಂಗುತ್ತಿದ್ದಾರೆ. ವಸಡೂ ಊದಿಕೊಂಡಿದೆ. ಹೃದಯದ ತೊಂದರೆ ಇರುವವರಿಗೆ ಮರಗಟ್ಟಿಸುವ ಇಂಜೆಕ್ಷನ್ ಕೊಡಬಹುದೇ? ಮೊದಲೇ ಆಂಟಿಬಯಾಟಿಕ್ ಬೇಕೇ? ಹಲ್ಲು ಕೀಳಿಸುವುದೋ, ಮಾತ್ರೆಯಲ್ಲೇ ದಿನ ದೂಡುವುದೋ?

ಉತ್ತರ: ಮೊದಲು ಆ ಎರಡು ಮಾತ್ರೆಗಳ ವಿಷಯ. ನಿಮ್ಮ ಪತ್ರ ಬಂದ ದಿನವೇ ಇಷ್ಟನ್ನು ನಿಮಗೆ ಬರೆದು ತಿಳಿಸಿದ್ದೆ. ಇದೇ ಕೆಲಸ ಇನ್ನೂ ಎಷ್ಟೋ ಮನೆಗಳಲ್ಲಿ ನಡೆಯುತ್ತಿರುತ್ತದೆ, ಆದ್ದರಿಂದ ಇಲ್ಲೂ ಬರೆಯುತ್ತಿದ್ದೇನೆ. ಸ್ಟೆಂಟ್ ಹಾಕಿದ ಎಂಟು ತಿಂಗಳಿಗೆ ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಎರಡನ್ನೂ ಒಟ್ಟಿಗೆ ಬಿಡುವುದು ಹಲ್ಲು ಕೀಳಿಸುವುದಕ್ಕಿಂತ ಬಹಳ ದೊಡ್ಡ ಅಪಾಯ. ಹೃದ್ರೋಗ ತಜ್ಞರಿಗೆ ಇವತ್ತೇ ಫೋನ್ ಮಾಡಿ, ಮೂರು ದಿನ ತಪ್ಪಿದೆ ಎಂದು ಮುಚ್ಚುಮರೆಯಿಲ್ಲದೆ ಹೇಳಿ. ಬೈದರೆ ಬೈಸಿಕೊಳ್ಳಿ. ಇವತ್ತಿನ ಮಾತ್ರೆ ಇವತ್ತೇ ಹೋಗಲಿ. ಬಿಟ್ಟುಹೋದ ದಿನಗಳ ಲೆಕ್ಕ ಹಿಡಿದು ನೀವೇ ನಾಲ್ಕಾರು ಮಾತ್ರೆ ಸೇರಿಸಿ ನುಂಗಿಸಬೇಡಿ. ಮೊದಲ ದಿನ ಹೆಚ್ಚಿನ ಡೋಸ್ ಬೇಕೋ ಬೇಡವೋ ಎಂಬುದನ್ನು ಅವರೇ ಹೇಳಬೇಕು.

ಇದು ಯಾಕೆ ಇಷ್ಟು ಮುಖ್ಯ? ಸ್ಟೆಂಟ್ ಎಂದರೆ ಲೋಹದ ಒಂದು ಸಣ್ಣ ಜಾಲರಿ. ಮುಚ್ಚಿಹೋಗುತ್ತಿದ್ದ ರಕ್ತನಾಳವನ್ನು ಅಗಲಿಸಿ, ಮತ್ತೆ ಮುಚ್ಚದಂತೆ ಒಳಗೆ ನಿಲ್ಲಿಸಿರುತ್ತಾರೆ. ದೇಹಕ್ಕೆ ಅದು ಹೊರಗಿನ ವಸ್ತು. ರಕ್ತನಾಳದ ಒಳಪದರ ಬೆಳೆದು ಆ ಲೋಹವನ್ನು ಹೊದ್ದುಕೊಳ್ಳಲು ತಿಂಗಳುಗಳೇ ಬೇಕು. ಅಲ್ಲಿಯವರೆಗೆ ಬರಿಯ ಲೋಹ ಕಂಡ ಕಡೆ ಪ್ಲೇಟ್‌ಲೆಟ್‌ಗಳು ಹೋಗಿ ಅಂಟಿಕೊಳ್ಳಲು ನೋಡುತ್ತವೆ. ಡೆಂಗಿ ಬಂದಾಗ ಎಲ್ಲರೂ ಲಕ್ಷದ ಲೆಕ್ಕದಲ್ಲಿ ಎಣಿಸುತ್ತಾರಲ್ಲ, ಅದೇ ಪ್ಲೇಟ್‌ಲೆಟ್. ಅವು ಗುಂಪುಗೂಡಿ ಹೆಪ್ಪಾದರೆ ಸ್ಟೆಂಟ್ ದಿಢೀರನೆ ಮುಚ್ಚಿಹೋಗುತ್ತದೆ. ಹಾಗಾದವರಲ್ಲಿ ಬದುಕುಳಿಯದವರ ಸಂಖ್ಯೆ ಸಣ್ಣದಲ್ಲ. ಆ ಎರಡು ಮಾತ್ರೆ ಎರಡು ಬೇರೆ ಬೇರೆ ದಾರಿಯಿಂದ ಪ್ಲೇಟ್‌ಲೆಟ್‌ಗಳ ಅಂಟುವ ಗುಣವನ್ನು ತಗ್ಗಿಸುತ್ತವೆ. ಹೃದಯಾಘಾತದ ನಂತರ ಸ್ಟೆಂಟ್ ಹಾಕಿದವರಿಗೆ ಇವೆರಡನ್ನೂ ಸಾಮಾನ್ಯವಾಗಿ ಒಂದು ವರ್ಷ ಕೊಡುತ್ತಾರೆ. ಬಳಿಕ ಒಂದನ್ನು ನಿಲ್ಲಿಸಿ ಇನ್ನೊಂದನ್ನು ಮುಂದುವರಿಸುತ್ತಾರೆ. ನಿಮ್ಮ ತಂದೆ ಇನ್ನೂ ಆ ವರ್ಷದೊಳಗೇ ಇದ್ದಾರೆ.

‘ರಕ್ತ ತೆಳು ಮಾಡುವ ಮಾತ್ರೆ’ ಎಂಬ ಹೆಸರೇ ಅರ್ಧ ಗಲಿಬಿಲಿಗೆ ಕಾರಣ. ಈ ಮಾತ್ರೆಯಿಂದ ರಕ್ತ ನೀರಾಗುವುದಿಲ್ಲ, ಹೆಪ್ಪುಗಟ್ಟುವುದು ತುಸು ತಡವಾಗುತ್ತದೆ, ಅಷ್ಟೇ. ಹಲ್ಲು ಕಿತ್ತ ಜಾಗ ಹೊಟ್ಟೆಯೊಳಗಿನ ಗಾಯದಂತಲ್ಲ. ಕಣ್ಣಿಗೆ ಕಾಣುತ್ತದೆ, ಬೆರಳಿಗೆ ಸಿಗುತ್ತದೆ, ಒತ್ತಿ ಹಿಡಿಯಬಹುದು. ಹೆಪ್ಪಿಗೆ ಆಧಾರವಾಗಲೆಂದು ಗುಳಿಯೊಳಗೆ ತಾನಾಗಿ ಕರಗುವ ಜೆಲಟಿನ್ ಸ್ಪಂಜು ಇಟ್ಟು, ಮೇಲೆ ಎರಡು ಹೊಲಿಗೆ ಹಾಕಿ, ಟ್ರಾನೆಕ್ಸಾಮಿಕ್ ಆಸಿಡ್‌ನಲ್ಲಿ ನೆನೆಸಿದ ಗಾಜ್ ಬಟ್ಟೆ ಕಚ್ಚಿಸಿದರೆ ರಕ್ತ ನಿಲ್ಲುತ್ತದೆ. ಇತರರಿಗೆ ಹತ್ತು ನಿಮಿಷದಲ್ಲಿ ನಿಲ್ಲುವುದು ಇವರಿಗೆ ಅರ್ಧ ಗಂಟೆ, ಮುಕ್ಕಾಲು ಗಂಟೆ ಹಿಡಿಯಬಹುದು. ಮಾರನೆಯ ದಿನ ಎಂಜಲು ಕೆಂಪಗಿದ್ದರೂ ಇರಬಹುದು. ನೋಡಿದವರಿಗೆ ಗಾಬರಿಯಾಗುತ್ತದೆ, ನಿಜ. ಆದರೆ ವಸಡಿನ ರಕ್ತವನ್ನು ನಾವು ಕೂತು ನಿಲ್ಲಿಸಬಹುದು, ಮುಚ್ಚಿಹೋದ ಸ್ಟೆಂಟನ್ನು ದಂತವೈದ್ಯರ ಕುರ್ಚಿಯಲ್ಲಿ ಯಾರೂ ತೆರೆಯಲಾರರು.

ಇದರಲ್ಲಿ ನಿಮ್ಮ ಚಿಕ್ಕಪ್ಪನವರನ್ನು ನಾನು ದೂರುವುದಿಲ್ಲ. ದಂತವೈದ್ಯನಾಗಿ ಕೆಲಸಕ್ಕೆ ಸೇರಿದ ಹೊಸತರಲ್ಲಿ ‘ಐದು ದಿನ ಮಾತ್ರೆ ನಿಲ್ಲಿಸಿ ಬನ್ನಿ’ ಎಂದು ಚೀಟಿ ಬರೆದು ಕೊಟ್ಟವರಲ್ಲಿ ನಾನೂ ಒಬ್ಬ. ಆಗ ನಮಗೆ ಕಲಿಸಿದ್ದೇ ಹಾಗೆ. ಪ್ಲೇಟ್‌ಲೆಟ್‌ನ ಆಯಸ್ಸು ಏಳರಿಂದ ಹತ್ತು ದಿನ, ಹಳೆಯವು ಹೋಗಿ ಹೊಸವು ಬರಲಿ ಎಂಬುದು ಲೆಕ್ಕ. ಲೆಕ್ಕ ಸರಿಯಾಗಿಯೇ ಇತ್ತು, ಆದರೆ ಅದರಲ್ಲಿ ಹೃದಯವನ್ನು ಸೇರಿಸಿರಲಿಲ್ಲ. 2007ರಲ್ಲಿ ಅಮೆರಿಕದ ಹೃದ್ರೋಗ ಮತ್ತು ದಂತವೈದ್ಯ ಸಂಘಗಳು ಒಟ್ಟಾಗಿ, ಸ್ಟೆಂಟ್ ಇರುವವರ ಮಾತ್ರೆಯನ್ನು ಹಲ್ಲಿನ ಕೆಲಸಕ್ಕೆಂದು ಅವಧಿಗೆ ಮುನ್ನ ನಿಲ್ಲಿಸಬೇಡಿ ಎಂದು ಎಚ್ಚರಿಸಿದವು. ಹಳೆಯ ಚೀಟಿಯ ಅಭ್ಯಾಸ ಮಾತ್ರ ನಮ್ಮ ಊರಿನಲ್ಲಿ ಇನ್ನೂ ಪೂರ್ತಿ ಹೋಗಿಲ್ಲ.

ಒಂದು ಮಾತು ಸೇರಿಸಬೇಕು. ಕೃತಕ ಕವಾಟ ಇರುವವರು, ಹೃದಯದ ಬಡಿತ ಏರುಪೇರಾಗಿರುವವರು ತೆಗೆದುಕೊಳ್ಳುವ ವಾರ್ಫರಿನ್, ಅಸಿನೋಕೌಮರಾಲ್ ಬೇರೆ ಜಾತಿಯ ಮಾತ್ರೆಗಳು. ಅವನ್ನೂ ತಾವಾಗಿ ನಿಲ್ಲಿಸಬಾರದು. ಆದರೆ ಹಲ್ಲು ಕೀಳುವ ಹಿಂದಿನ ದಿನ, ರಕ್ತ ಹೆಪ್ಪುಗಟ್ಟುವುದು ಎಷ್ಟು ತಡವಾಗುತ್ತಿದೆ ಎಂದು ಅಳೆಯುವ ಐ.ಎನ್.ಆರ್. ರಕ್ತಪರೀಕ್ಷೆ ಮಾಡಿಸಲೇಬೇಕು. ಅದು 3.5ರ ಒಳಗಿದ್ದರೆ ಸಾಮಾನ್ಯವಾಗಿ ಒಂದೆರಡು ಹಲ್ಲು ಕೀಳಬಹುದು. ಹಲ್ಲುನೋವಿಗೆ ಸಲೀಸಾಗಿ ಬರೆದುಕೊಡುವ ಮೆಟ್ರೊನಿಡಜೋಲ್ ಇವರಲ್ಲಿ ಐ.ಎನ್.ಆರ್. ಏರಿಸಿಬಿಡುತ್ತದೆ. ನಿಮ್ಮ ತಂದೆಯದು ಈ ಗುಂಪಲ್ಲ, ಅವರಿಗೆ ಐ.ಎನ್.ಆರ್. ಬೇಕಿಲ್ಲ.

ಈಗ 170/100 ಎಂಬ ಅಂಕಿ. ಇದನ್ನು ಕೇಳಿದ ತಕ್ಷಣ ನನಗೆ ತೋಚುವ ಪ್ರಶ್ನೆಗಳು ಬೇರೆ. ಹಿಂದಿನ ರಾತ್ರಿ ನಿದ್ದೆ ಮಾಡಿದ್ದರೇ? ಕ್ಲಿನಿಕ್ ಮೊದಲನೇ ಮಹಡಿಯಲ್ಲಿದೆಯೇ, ಮೆಟ್ಟಿಲು ಹತ್ತಿ ಬಂದು ಎಷ್ಟು ಹೊತ್ತಿಗೆ ಪಟ್ಟಿ ಕಟ್ಟಿದರು? ಬೆಳಗಿನ ಬಿ.ಪಿ. ಮಾತ್ರೆ ನುಂಗಿದ್ದರೇ, ಅಥವಾ ‘ಹಲ್ಲು ಕೀಳ್ತಾರಲ್ಲ, ಖಾಲಿ ಹೊಟ್ಟೇಲಿ ಹೋಗೋಣ’ ಎಂದು ಅದನ್ನೂ ಬಿಟ್ಟಿದ್ದರೇ? ನನ್ನ ಬಳಿ ಬರುವ ಹಿರಿಯರಲ್ಲಿ ಹೀಗೆ ಬಿಟ್ಟು ಬರುವವರು ಬಹಳ. ನೋವು, ಹೆದರಿಕೆ, ನಿದ್ದೆಗೇಡಿತನ ಮೂರೂ ಸೇರಿದರೆ ಮೇಲಿನ ಅಂಕಿ ಇಪ್ಪತ್ತು, ಮೂವತ್ತು ಏರುವುದು ವಿಶೇಷವಲ್ಲ. ಬಿಳಿ ಕೋಟು ಕಂಡರೇ ಬಿ.ಪಿ. ಏರುವವರಿದ್ದಾರೆ, ಡ್ರಿಲ್ಲಿನ ಸದ್ದು ಕೇಳಿದರಂತೂ ಹೇಳುವುದೇ ಬೇಡ.

ನಾವು ಸಾಮಾನ್ಯವಾಗಿ ಇಟ್ಟುಕೊಂಡಿರುವ ಗಡಿ ಹೀಗಿದೆ. ಮೇಲಿನದು 180 ಅಥವಾ ಕೆಳಗಿನದು 110 ಮುಟ್ಟಿದರೆ, ತುರ್ತಲ್ಲದ ಯಾವ ಕೆಲಸವನ್ನೂ ಆ ದಿನ ಮಾಡುವುದಿಲ್ಲ, ವೈದ್ಯರ ಬಳಿ ಕಳುಹಿಸುತ್ತೇವೆ. ಅದರ ಜೊತೆಗೆ ಎದೆನೋವು, ಏದುಸಿರು, ತಡೆಯಲಾರದ ತಲೆನೋವು, ಕಣ್ಣು ಮಂಜಾಗುವುದು, ಕೈಕಾಲು ಒಂದು ಕಡೆ ಸೋಲುವುದು ಇದ್ದರೆ ಕಳುಹಿಸುವುದು ನೇರ ಆಸ್ಪತ್ರೆಗೆ. 160/100ರಿಂದ ಆ ಗಡಿಯವರೆಗಿನದು ಯೋಚಿಸಬೇಕಾದ ಜಾಗ. ಹತ್ತು ನಿಮಿಷ ಕೂರಿಸಿ, ಮಾತಾಡಿಸಿ, ಮತ್ತೆ ನೋಡುತ್ತೇವೆ. ನಿಮ್ಮ ದಂತವೈದ್ಯರು ಮುಂದೂಡಿದ್ದು ತಪ್ಪಲ್ಲ. ಎಂಟು ತಿಂಗಳ ಸ್ಟೆಂಟ್ ಇರುವ, ಬಿ.ಪಿ. ಏರಿರುವ ರೋಗಿಗೆ ಅವಸರ ಮಾಡದವರನ್ನು ನಾನು ಮೆಚ್ಚುತ್ತೇನೆ. ಆದರೆ ನೋವಿಗೆ ಏನು ತೆಗೆದುಕೊಳ್ಳಬೇಕು, ಯಾವ ಮಾತ್ರೆ ಬಿಡಬಾರದು ಎಂದು ಎರಡು ಮಾತು ಹೇಳಿ ಕಳುಹಿಸಬೇಕಿತ್ತು. ಅವರು ಬಿಟ್ಟ ಆ ಜಾಗವನ್ನೇ ಚಿಕ್ಕಪ್ಪನವರೂ ಮೆಡಿಕಲ್ ಶಾಪಿನವರೂ ತುಂಬಿದ್ದಾರೆ.

ಅಂಕಿ ಏರಲು ಇನ್ನೊಂದು ಕಾರಣ ನಿಮ್ಮ ಮನೆಯ ಡಬ್ಬಿಯಲ್ಲೇ ಇರಬಹುದು: ಡೈಕ್ಲೋಫೆನಾಕ್. ಇದೂ, ಐಬುಪ್ರೊಫೆನ್, ಕೆಟೊರೊಲ್ಯಾಕ್, ಅಸಿಕ್ಲೋಫೆನಾಕ್‌ನಂಥ ಇದರ ನೆಂಟರೂ ದೇಹದಲ್ಲಿ ಉಪ್ಪು, ನೀರು ಹಿಡಿದಿಟ್ಟುಕೊಳ್ಳುವಂತೆ ಮಾಡುತ್ತವೆ. ಟೆಲ್ಮಿಸಾರ್ಟನ್ ಕೆಲಸ ಮಾಡದಂತೆ ಅಡ್ಡಗಾಲು ಹಾಕುತ್ತವೆ, ಮೂತ್ರಪಿಂಡಕ್ಕೂ ಹೊರೆ. ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಜೊತೆ ಸೇರಿದರೆ ಜಠರದಲ್ಲಿ ರಕ್ತಸ್ರಾವವಾಗಬಹುದು. ಅದು ಬಾಯಿಯ ಗಾಯದಂತೆ ಕಣ್ಣಿಗೆ ಕಾಣುವುದೂ ಇಲ್ಲ. ಹೃದಯದ ರಕ್ತನಾಳದ ಕಾಯಿಲೆ ಇರುವವರು ಡೈಕ್ಲೋಫೆನಾಕ್ ಬಳಸಲೇಬಾರದು ಎಂದು ಯುರೋಪಿನ ಔಷಧ ನಿಯಂತ್ರಕರು 2013ರಲ್ಲೇ ಹೇಳಿದ್ದಾರೆ. ನಮ್ಮಲ್ಲಿ ಅದು ‘ಹಲ್ಲುನೋವಿಗೆ ಒಂದು ಮಾತ್ರೆ ಕೊಡಿ’ ಎಂದರೆ ಕತ್ತರಿಯಿಂದ ಕತ್ತರಿಸಿ ನಾಲ್ಕು ಕೊಡುವ ಮಾತ್ರೆ. ಇವತ್ತೇ ನಿಲ್ಲಿಸಿ. ಅದರ ಬದಲು ಪ್ಯಾರಾಸಿಟಮಾಲ್ ಸಾಕು. ಕೋವಿಡ್ ಕಾಲದಲ್ಲಿ ಮನೆಮಾತಾದ, ನಮ್ಮ ಬೆಂಗಳೂರಿನದೇ ಕಂಪನಿಯ ಡೋಲೊ 650 ಕೂಡ ಅದೇ. ಯಕೃತ್ತಿನ ತೊಂದರೆ ಇಲ್ಲದಿದ್ದರೆ ಆರು ಗಂಟೆಗೊಂದರಂತೆ, ದಿನಕ್ಕೆ ನಾಲ್ಕು ಮೀರದಂತೆ ಕೊಡಬಹುದು. ನೀರಿನಲ್ಲಿ ಬುರುಬುರು ಕರಗುವ ಬಗೆಯದು ಮಾತ್ರ ಬೇಡ, ಅದರಲ್ಲಿ ಸೋಡಿಯಂ ಹೆಚ್ಚು. ಲವಂಗದ ಎಣ್ಣೆಯನ್ನು ಹತ್ತಿಯಲ್ಲಿ ಅದ್ದಿ ಹಿಂಡಿ ಹಲ್ಲಿನ ತೂತಿಗಷ್ಟೇ ತಾಕಿಸಿ. ವಸಡಿಗೆ ಸುರಿದುಕೊಂಡು ಸುಟ್ಟುಕೊಂಡು ಬರುವವರನ್ನು ವಾರಕ್ಕೊಬ್ಬರನ್ನಾದರೂ ನೋಡುತ್ತೇನೆ.

ನಿಜವಾದ ಬಿ.ಪಿ. ಎಷ್ಟೆಂದು ತಿಳಿಯಲು ಒಂದು ವಾರ ಮನೆಯಲ್ಲೇ ನೋಡಿ ಬರೆದಿಡಿ. ತೋಳಿಗೆ ಕಟ್ಟುವ ಯಂತ್ರವೇ ಇರಲಿ. ಕಾಫಿ ಕುಡಿದು ಅರ್ಧ ಗಂಟೆಯಾದರೂ ಆಗಿರಬೇಕು. ಬೆನ್ನಿಗೆ ಒರಗು ಕೊಟ್ಟು, ಪಾದ ನೆಲಕ್ಕೆ ಊರಿ, ಐದು ನಿಮಿಷ ಸುಮ್ಮನೆ ಕೂತ ಮೇಲೆ ಪಟ್ಟಿ ಕಟ್ಟಿ, ಒಂದು ನಿಮಿಷ ಬಿಟ್ಟು ಎರಡು ಸಲ ನೋಡಬೇಕು. ಬೆಳಿಗ್ಗೆ ಮಾತ್ರೆಗೆ ಮುಂಚೆ ಒಮ್ಮೆ, ಸಂಜೆ ಒಮ್ಮೆ. ಆ ಹೊತ್ತಿನಲ್ಲಿ ಅಮ್ಮ ಮಾತಾಡಿಸದಿದ್ದರೆ ಒಳ್ಳೆಯದು, ಮಾತಾಡಿದರೂ ಅಂಕಿ ಏರುತ್ತದೆ. ಮನೆಯ ಓದುಗಳ ಸರಾಸರಿ 135/85ಕ್ಕಿಂತ ಮೇಲೇ ನಿಂತಿದ್ದರೆ ಮಾತ್ರೆಯ ಪ್ರಮಾಣವನ್ನು ವೈದ್ಯರು ಮತ್ತೆ ನೋಡಬೇಕಾಗುತ್ತದೆ. ಕುರ್ಚಿಯಲ್ಲಿ ಕೂತವರ ಬಿ.ಪಿ.ಯನ್ನು ಗಡಿಬಿಡಿಯಲ್ಲಿ ಇಳಿಸಲು ಹೋಗುವುದೂ ತಪ್ಪು. ತೊಂಬತ್ತರ ದಶಕದಲ್ಲಿ ನಿಫೆಡಿಪಿನ್ ಕ್ಯಾಪ್ಸೂಲಿಗೆ ಸೂಜಿ ಚುಚ್ಚಿ ನಾಲಿಗೆಯ ಕೆಳಗೆ ಹಿಂಡುವ ಪದ್ಧತಿ ಇತ್ತು. ಅಂಕಿಯೇನೋ ಸರ್ರನೆ ಇಳಿಯುತ್ತಿತ್ತು. ಅದರ ಜೊತೆ ಮೆದುಳಿಗೂ ಹೃದಯಕ್ಕೂ ಹೋಗುವ ರಕ್ತವೂ ಇಳಿದು ಪಾರ್ಶ್ವವಾಯು, ಹೃದಯಾಘಾತ ಆದ ಮೇಲೆ ಆ ಪದ್ಧತಿಯನ್ನು ಕೈಬಿಟ್ಟರು. ಯಾರಾದರೂ ಈಗಲೂ ಹಾಗೆ ಮಾಡೋಣ ಎಂದರೆ ಬೇಡ ಎನ್ನಿ.

ಇನ್ನು ಇಂಜೆಕ್ಷನ್. ‘ಹಾರ್ಟ್ ಪೇಷಂಟ್‌ಗೆ ಮರಗಟ್ಟಿಸುವ ಇಂಜೆಕ್ಷನ್ ಕೊಡಬಾರದು’ ಎಂಬ ಮಾತಿಗೆ ಮೂಲ ಅದರೊಳಗಿನ, ಹೃದಯದ ಬಡಿತ ಏರಿಸುವ ಅಡ್ರಿನಲಿನ್. ಮರಗಟ್ಟಿಸುವ ಔಷಧವಾದ ಲಿಗ್ನೊಕೇನ್ ಬೇಗ ರಕ್ತಕ್ಕೆ ಸೇರಿ ಹೋಗದೆ ಇದ್ದಲ್ಲೇ ಇರಲಿ ಎಂದು ಅದನ್ನು ಸೇರಿಸಿರುತ್ತಾರೆ, ಅಲ್ಲಿನ ರಕ್ತನಾಳ ಕುಗ್ಗಿ ರಕ್ತವೂ ಕಡಿಮೆ ಬರುತ್ತದೆ. ಪ್ರಮಾಣ ನೋಡಿ. ನಾವು ಹೆಚ್ಚಾಗಿ ಬಳಸುವುದರಲ್ಲಿ 80,000 ಭಾಗಕ್ಕೆ ಒಂದು ಭಾಗ ಅಡ್ರಿನಲಿನ್ ಇರುತ್ತದೆ, ಎಂದರೆ 2 ಮಿ.ಲೀ.ಗೆ 25 ಮೈಕ್ರೋಗ್ರಾಂ. ಹೃದಯ ನಿಂತುಹೋದವರಿಗೆ ಆಸ್ಪತ್ರೆಯಲ್ಲಿ ನೇರ ರಕ್ತನಾಳಕ್ಕೆ ಕೊಡುವುದು ಒಂದು ಸಲಕ್ಕೆ 1,000 ಮೈಕ್ರೋಗ್ರಾಂ. ಹೃದ್ರೋಗಿಗಳಿಗೆ ಒಂದು ಭೇಟಿಯಲ್ಲಿ 40 ಮೈಕ್ರೋಗ್ರಾಂ ಮೀರಬೇಡಿ ಎಂಬುದು ನಮ್ಮ ನಿಯಮ, ಎಂದರೆ ಈ ಔಷಧದಲ್ಲಿ ಸುಮಾರು 3 ಮಿ.ಲೀ. ಎರಡು ಲಕ್ಷಕ್ಕೊಂದು ಭಾಗದ್ದೂ ಸಿಗುತ್ತದೆ, ಅದನ್ನು ಬಳಸಿದರೆ ಇನ್ನೂ ನಿರಾಳ. ಸೂಜಿ ರಕ್ತನಾಳದೊಳಗೆ ಹೋಗಿಲ್ಲವೆಂದು ಹಿಂದಕ್ಕೆಳೆದು ನೋಡಿ, ನಿಧಾನವಾಗಿ, ಒಂದು ನಿಮಿಷಕ್ಕೂ ಹೆಚ್ಚು ಹೊತ್ತು ತೆಗೆದುಕೊಂಡು ಕೊಡಬೇಕು.

ಹೆದರಿ ಅಡ್ರಿನಲಿನ್ ಇಲ್ಲದ ಲಿಗ್ನೊಕೇನ್ ಕೊಟ್ಟರೇನಾಗುತ್ತದೆ? ಹಲ್ಲಿನ ಒಳಗಿನ ಜೋಮು ಐದ್ಹತ್ತು ನಿಮಿಷಕ್ಕೆ ಇಳಿಯುತ್ತದೆ. ಅರ್ಧ ಕೆಲಸದಲ್ಲಿ ನೋವು ಚುಳ್ಳೆಂದರೆ ರೋಗಿಯ ದೇಹವೇ ಅಡ್ರಿನಲಿನ್ ಸುರಿಸುತ್ತದೆ, ನಮ್ಮ ಸಿರಿಂಜಿನಲ್ಲಿರುವುದಕ್ಕಿಂತ ಎಷ್ಟೋ ಪಟ್ಟು. ಆದ್ದರಿಂದ ಸ್ಥಿತಿ ಹತೋಟಿಯಲ್ಲಿರುವ ಹೃದ್ರೋಗಿಗೆ ಚೆನ್ನಾಗಿ ಮರಗಟ್ಟಿಸುವುದೇ ರಕ್ಷಣೆ. ಕೂತಲ್ಲೇ ಎದೆನೋವು ಬರುತ್ತಿರುವವರು, ಕಳೆದ ಕೆಲವು ವಾರಗಳಲ್ಲಿ ಹೃದಯಾಘಾತವಾದವರು, ಬಡಿತದ ಏರುಪೇರು ಹತೋಟಿಗೆ ಬಾರದವರು, ಇವರ ಮಾತು ಬೇರೆ. ಅವರಿಗೆ ಕ್ಲಿನಿಕ್ಕಿನಲ್ಲಿ ಕೈಹಾಕುವುದಿಲ್ಲ. ಪ್ರೊಪ್ರನೊಲಾಲ್ ಎಂಬ ಬಿ.ಪಿ. ಮಾತ್ರೆ ತೆಗೆದುಕೊಳ್ಳುವವರು ಅದನ್ನು ಮೊದಲೇ ತಿಳಿಸಬೇಕು, ಅದರ ಮೇಲೆ ಅಡ್ರಿನಲಿನ್ ಹೆಚ್ಚಾದರೆ ಬಿ.ಪಿ. ಚಿಮ್ಮುತ್ತದೆ.

ಆಂಟಿಬಯಾಟಿಕ್ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಹಲ್ಲಿನ ಕೆಲಸದಲ್ಲಿ ರಕ್ತಕ್ಕೆ ಸೇರುವ ಬ್ಯಾಕ್ಟೀರಿಯಾ ಹೃದಯದ ಕವಾಟಕ್ಕೆ ಅಂಟಿ ಸೋಂಕು ತರಬಹುದು ಎಂಬ ಭಯ ಇರುವುದು ಕೃತಕ ಕವಾಟ ಇರುವವರಿಗೆ, ಹಿಂದೆ ಅಂಥ ಸೋಂಕು ಬಂದಿದ್ದವರಿಗೆ, ಹುಟ್ಟಿನಿಂದ ಬಂದ ಕೆಲವು ಹೃದಯದೋಷಗಳಿರುವವರಿಗೆ. ಅವರಿಗೆ ಕೆಲಸಕ್ಕೆ ಅರ್ಧದಿಂದ ಒಂದು ಗಂಟೆ ಮುಂಚೆ ಒಂದೇ ಸಲ 2 ಗ್ರಾಂ ಅಮಾಕ್ಸಿಸಿಲಿನ್ ಕೊಡುತ್ತೇವೆ. ಪೆನಿಸಿಲಿನ್ ಅಲರ್ಜಿ ಇದ್ದರೆ ಬೇರೆಯದು. ಚಿಕ್ಕಂದಿನ ಕೀಲುಜ್ವರದಿಂದ ಕವಾಟ ಹಾಳಾದವರು ನಮ್ಮಲ್ಲಿ ಇನ್ನೂ ಇದ್ದಾರೆ, ಅವರು ತಮ್ಮ ಹೃದ್ರೋಗ ತಜ್ಞರನ್ನು ಕೇಳಲಿ. ಸ್ಟೆಂಟ್‌ಗೂ ಬೈಪಾಸ್‌ಗೂ ಇದು ಬೇಕಿಲ್ಲ.

ಹಾಗಾದರೆ ಹಲ್ಲಿಗೇನು ಮಾಡುವುದು? ತಣ್ಣೀರಿಗೆ ಜೀವ ಹೋಗುವುದು, ಮಲಗಿದರೆ ಹೆಚ್ಚಾಗುವುದು, ಇವು ಹಲ್ಲಿನೊಳಗಿನ ನರದ ತಿರುಳು ಉರಿಯುತ್ತಿರುವ ಲಕ್ಷಣ. ಮಲಗಿದಾಗ ತಲೆಯ ಕಡೆ ರಕ್ತದ ಒತ್ತಡ ಹೆಚ್ಚಿ, ಗಟ್ಟಿ ಗೋಡೆಯೊಳಗೆ ಸಿಕ್ಕಿಕೊಂಡ ತಿರುಳು ಮಿಡಿಯುತ್ತದೆ. ದಿಂಬು ಎರಡಿಟ್ಟುಕೊಂಡರೆ ತುಸು ಹಗುರ. ಇಂಥ ಹಲ್ಲನ್ನು ಕೀಳಲೇಬೇಕೆಂದಿಲ್ಲ. ಎಕ್ಸ್‌ರೇಯಲ್ಲಿ ಬೇರು ಗಟ್ಟಿಯಾಗಿದ್ದರೆ ನಿಮ್ಮ ತಂದೆಗೆ ನಾನು ಮೊದಲು ಹೇಳುವುದು ರೂಟ್ ಕೆನಾಲ್. ರಕ್ತ ಹನಿಯಷ್ಟೇ, ಯಾವ ಮಾತ್ರೆಯನ್ನೂ ಮುಟ್ಟಬೇಕಿಲ್ಲ, ಮೊದಲ ಭೇಟಿಯಲ್ಲಿ ತಿರುಳು ತೆಗೆದರೇ ಆ ರಾತ್ರಿ ನಿದ್ದೆ ಬರುತ್ತದೆ. ತೊಡಕೆಂದರೆ ಎರಡು ಮೂರು ಸಲ ಬರಬೇಕು, ಬಾಯಿ ತೆರೆದು ಕೂರಬೇಕು, ಮೇಲೆ ಕ್ಯಾಪ್ ಹಾಕಿಸಬೇಕು, ಖರ್ಚು ಹೆಚ್ಚು. ಹಲ್ಲು ಬುಡದವರೆಗೆ ಸೀಳಿದ್ದರೆ ಇದು ನಿಲ್ಲುವುದಿಲ್ಲ. ಆಗ ಕೀಳಿಸುವುದೇ ದಾರಿ. ಎರಡೂ ಮಾತ್ರೆ ನಡೆಯುತ್ತಿರುವಾಗಲೇ, ಒಂದು ಸಲಕ್ಕೆ ಒಂದೇ ಹಲ್ಲು, ಹೊಲಿಗೆ ಸ್ಪಂಜು ಸಮೇತ. ಸೋಮವಾರವೋ ಮಂಗಳವಾರವೋ ಮಾಡಿಸಿ. ಶನಿವಾರ ಸಂಜೆ ಕೀಳಿಸಿ ಭಾನುವಾರ ರಕ್ತ ಜಿನುಗಿದರೆ ಯಾರೂ ಸಿಗುವುದಿಲ್ಲ. ಹತ್ತಿರದ ಕ್ಲಿನಿಕ್ಕಿನವರಿಗೆ ಧೈರ್ಯ ಸಾಲದಿದ್ದರೆ, ಹೃದ್ರೋಗ ವಿಭಾಗವೂ ದಂತ ವಿಭಾಗವೂ ಇರುವ ಆಸ್ಪತ್ರೆಗೆ ಹೋಗಿ, ಅಥವಾ ಕೋಟೆಯ ಬಳಿ ವಿಕ್ಟೋರಿಯಾ ಆವರಣದ ಸರ್ಕಾರಿ ದಂತ ಕಾಲೇಜಿಗೆ ಹೋಗಿ.

ವರ್ಷ ತುಂಬುವವರೆಗೆ, ಇನ್ನು ನಾಲ್ಕು ತಿಂಗಳು ತಳ್ಳೋಣ ಎನ್ನುವ ಯೋಚನೆಯೂ ಇರಬಹುದು. ಕಟ್ಟುಹಲ್ಲು, ಇಂಪ್ಲಾಂಟ್‌ನಂಥವನ್ನು ಹಾಗೆ ತಳ್ಳಬಹುದು. ಈ ಹಲ್ಲು ತಡೆಯುವುದಿಲ್ಲ. ಮಾತ್ರೆಯಲ್ಲಿ ನೋವು ಅಡಗಿದರೆ ತಿರುಳು ಸತ್ತು ಕೆಳಗೆ ಕೀವು ಕಟ್ಟುತ್ತದೆ, ಆಮೇಲೆ ಕೆನ್ನೆ ಊದಿ, ಜ್ವರ ಬಂದು, ಬಿ.ಪಿ. ಇನ್ನೂ ಏರಿದ ಸ್ಥಿತಿಯಲ್ಲಿ ಅದೇ ಕೆಲಸ ಮಾಡಬೇಕು.

ಫಿಟ್‌ನೆಸ್ ಎಂಬ ಒಂದು ಸಾಲಿನ ಚೀಟಿಯಿಂದ ಯಾರಿಗೂ ಉಪಯೋಗವಿಲ್ಲ. ‘ಹಲ್ಲು ಕೀಳಿಸಲು ಫಿಟ್’ ಎಂದು ಅಲ್ಲಿ ಬರೆದರೆ, ಹೊಣೆ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಯಿತು, ಅಷ್ಟೇ. ಸ್ಟೆಂಟ್ ಹಾಕಿದ್ದು ಯಾವಾಗ, ಯಾವ ಬಗೆಯದು, ಹೃದಯದ ಪಂಪಿಂಗ್ ಈಗ ಎಷ್ಟಿದೆ, ಎರಡೂ ಮಾತ್ರೆ ಮುಂದುವರಿಸಿಯೇ ಹಲ್ಲಿನ ಕೆಲಸ ಮಾಡಲು ಅವರ ಒಪ್ಪಿಗೆ ಇದೆಯೇ, ಅಡ್ರಿನಲಿನ್ ಇರುವ ಇಂಜೆಕ್ಷನ್ 3 ಮಿ.ಲೀ.ವರೆಗೆ ಕೊಡಬಹುದೇ, ಇಷ್ಟನ್ನು ದಂತವೈದ್ಯರು ಕಾಗದದಲ್ಲಿ ಕೇಳಲಿ, ಹೃದ್ರೋಗ ತಜ್ಞರು ಅದರ ಕೆಳಗೇ ಉತ್ತರ ಬರೆಯಲಿ. ಜಯದೇವದಂಥ ಕಡೆ ಹೊರರೋಗಿ ವಿಭಾಗದ ನೂಕುನುಗ್ಗಲಿನಲ್ಲಿ ವೈದ್ಯರಿಗೆ ನಿಮ್ಮ ಜೊತೆ ಹೆಚ್ಚು ಮಾತಾಡಲು ಸಮಯ ಇರುವುದಿಲ್ಲ. ಪ್ರಶ್ನೆ ಬರೆದೇ ಹೋದರೆ ಎರಡು ನಿಮಿಷದ ಕೆಲಸ.

ಊದಿದ ವಸಡಿಗೆ ಬೇರೆ ಕಾರಣ ಇರಬಹುದು. ಆಮ್ಲೋಡಿಪಿನ್ ಕೆಲವರಲ್ಲಿ ವಸಡನ್ನು ದಪ್ಪವಾಗಿ ಬೆಳೆಸುತ್ತದೆ. ಹಲ್ಲು ಹಲ್ಲಿನ ನಡುವೆ ಮೊಗ್ಗಿನಂತೆ ಉಬ್ಬಿ, ಮುಟ್ಟಿದರೆ ಗಟ್ಟಿಯಾಗಿ, ನೋವಿಲ್ಲದೆ ಇದ್ದರೆ ಅದೇ. ಪಾಚಿ ಕಟ್ಟಿರುವ ಬಾಯಲ್ಲಿ ಇದು ಜೋರು. ಇದಕ್ಕೂ ಮಾತ್ರೆ ಬಿಡಬಾರದು. ಚೆನ್ನಾಗಿ ಕ್ಲೀನ್ ಮಾಡಿಸಿದರೆ ಬಹಳಷ್ಟು ಇಳಿಯುತ್ತದೆ, ಇಳಿಯದಿದ್ದರೆ ವೈದ್ಯರು ಬೇರೆ ಗುಂಪಿನ ಮಾತ್ರೆಗೆ ಬದಲಿಸಬಹುದು.

ನೋವು ನಿಜವಾಗಿ ಹಲ್ಲಿನದೇ ಎಂದು ನಾನು ಇಷ್ಟು ಖಚಿತವಾಗಿ ಬರೆಯಲು ತಣ್ಣೀರಿನ ಆ ಒಂದು ಸಾಲು ಕಾರಣ. ಕೆಲವು ವರ್ಷಗಳ ಹಿಂದೆ ಐವತ್ತು ದಾಟಿದ ಒಬ್ಬರು ಎಡಗಡೆಯ ಕೆಳದವಡೆ ನೋವೆಂದು ಬಂದರು. ಬೇರೊಂದು ಕಡೆ ಆಗಲೇ ಒಂದು ಹಲ್ಲು ಕೀಳಿಸಿಕೊಂಡಿದ್ದರು, ನೋವು ಹೋಗಿರಲಿಲ್ಲ. ಎಕ್ಸ್‌ರೇಯಲ್ಲಿ ಏನೂ ಇಲ್ಲ, ತಟ್ಟಿದರೆ ನೋವಿಲ್ಲ. ಯಾವಾಗ ಬರುತ್ತದೆ ಎಂದೆ. ‘ಬಸವನಗುಡಿ ದೇವಸ್ಥಾನದ ಏರು ಹತ್ತುವಾಗ ಸಾರ್, ನಿಂತರೆ ಹೋಗುತ್ತೆ’ ಎಂದರು. ಹಲ್ಲಿಗೆ ಏರೂ ಗೊತ್ತಿಲ್ಲ, ಇಳಿಜಾರೂ ಗೊತ್ತಿಲ್ಲ. ಇ.ಸಿ.ಜಿ.ಗೆ ಕಳುಹಿಸಿದೆ, ಹೃದಯದ ರಕ್ತನಾಳ ಮುಚ್ಚಿಕೊಳ್ಳುತ್ತಿತ್ತು. ನಡೆದರೆ ಬಂದು ನಿಂತರೆ ಹೋಗುವ ದವಡೆ ನೋವು ನಿಮ್ಮ ತಂದೆಗೆ ಎಂದಾದರೂ ಬಂದರೆ ನನ್ನಂಥವರ ಬಳಿ ಬರಬೇಡಿ. ಬೆವರು, ಎದೆ ಬಿಗಿತ, ಉಸಿರು ಕಟ್ಟುವುದು ಜೊತೆಗಿದ್ದರೆ 108ಕ್ಕೆ ಫೋನ್ ಮಾಡಿ.

ಕೆಲಸದ ದಿನ ತಿಂಡಿ ತಿನ್ನಿಸಿ, ಬೆಳಗಿನ ಎಲ್ಲ ಮಾತ್ರೆ ಕೊಟ್ಟೇ ಕರೆದುಕೊಂಡು ಹೋಗಿ. ಬೆಳಿಗ್ಗೆ ಎದ್ದ ಹೊತ್ತಿನಲ್ಲಿ ಬಿ.ಪಿ. ತಾನಾಗಿ ಏರಿರುತ್ತದೆ, ಹತ್ತೂವರೆ ಹನ್ನೊಂದರ ಮೇಲಿನ ಸಮಯ ಕೇಳಿ. ಟ್ರಾಫಿಕ್‌ನಲ್ಲಿ ಸಿಕ್ಕಿ ಓಡೋಡಿ ಹೋಗಬೇಡಿ, ಕಾಲು ಗಂಟೆ ಮುಂಚೆ ಹೋಗಿ ಕೂರಲಿ. ಎದೆನೋವು ಬಂದರೆ ನಾಲಿಗೆಯ ಕೆಳಗಿಡುವ ಸಾರ್ಬಿಟ್ರೇಟ್ ಮಾತ್ರೆಯನ್ನು ಅವರಿಗೆ ಕೊಟ್ಟಿದ್ದರೆ ಜೇಬಿನಲ್ಲಿರಲಿ, ಎಲ್ಲ ಮಾತ್ರೆಗಳ ಸ್ಟ್ರಿಪ್‌ಗಳೂ ಒಂದು ಚೀಲದಲ್ಲಿರಲಿ. ಕೆಲಸ ಮುಗಿದ ತಕ್ಷಣ ಎದ್ದು ನಿಲ್ಲಬಾರದು. ಬಿ.ಪಿ. ಮಾತ್ರೆ ತೆಗೆದುಕೊಳ್ಳುವವರಿಗೆ ಮಲಗಿ ಎದ್ದಾಗ ಕಣ್ಣು ಕತ್ತಲೆ ಬರುತ್ತದೆ, ಎರಡು ನಿಮಿಷ ಕೂತು ಏಳಲಿ. ಕೀಳಿಸಿದ್ದರೆ ಗಾಜ್ ಬಟ್ಟೆಯನ್ನು ಮುಕ್ಕಾಲು ಗಂಟೆ ಬಿಗಿಯಾಗಿ ಕಚ್ಚಿರಬೇಕು, ನಡುನಡುವೆ ತೆಗೆದು ‘ನಿಂತಿತಾ’ ಎಂದು ನೋಡಬಾರದು. ಆ ದಿನ ಉಗುಳುವುದು, ಬಾಯಿ ಮುಕ್ಕಳಿಸುವುದು, ಸ್ಟ್ರಾ ಹಾಕಿ ಎಳನೀರು ಹೀರುವುದು ಬೇಡ. ಆರಿದ ಗಂಜಿಯೋ ಮೊಸರನ್ನವೋ ಸಾಕು. ಉಪ್ಪುನೀರು ಮಾರನೆಯ ದಿನದಿಂದ, ಉಗುರುಬೆಚ್ಚಗೆ. ಬಾಯಿ ತುಂಬ ರಕ್ತ ಬರುತ್ತಿದ್ದರೆ ಶುಭ್ರವಾದ ಬಟ್ಟೆ ಮಡಿಸಿ ಮತ್ತೆ ಅರ್ಧ ಗಂಟೆ ಕಚ್ಚಿಸಿ, ಆಗಲೂ ನಿಲ್ಲದಿದ್ದರೆ ದಂತವೈದ್ಯರಿಗೆ ಫೋನ್ ಮಾಡಿ. ಆಗಲೂ ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಮಾತ್ರ ನಿಲ್ಲಿಸಬೇಡಿ.

ಉಳಿದದ್ದು ಚಿಕ್ಕಪ್ಪನವರ ಸ್ನೇಹಿತರ ವಿಷಯ. ಅವರನ್ನು ನಾನು ನೋಡಿದವನಲ್ಲ, ಏನಾಯಿತೆಂದು ಹೇಳಲಾರೆ. ಹಲ್ಲು ಕೀಳಿಸಲು ಹೋಗುವ ಮುಂಚೆ ಅವರು ಯಾವ ಮಾತ್ರೆಯನ್ನು ಎಷ್ಟು ದಿನದಿಂದ ಬಿಟ್ಟಿದ್ದರು ಎಂದು ಚಿಕ್ಕಪ್ಪನವರನ್ನು ಒಮ್ಮೆ ಕೇಳಿ ನೋಡಿ.